ಮರೆವಿಗೆ ಗದರುವ ಮುನ್ನ

ತೊಗರಿ ರಾಶಿ ಮುಗಿದು ಸಾಲದ ಲೆಕ್ಕ ಶುರುವಾಗುವ ದಿನಗಳಲ್ಲಿ ನಮ್ಮ ನರೋಣಾ ಕಡೆ ಮನೆಯಾಕೆ ಒಲೆಯ ಮೇಲಿಟ್ಟ ಹಾಲು ಮರೆತರೆ, "ತಲೆ ಎಲ್ಲಿಟ್ಟೀದಿ?" ಎಂದು ಗದರುತ್ತೇವೆ. ಮಕ್ತಬಿನಲ್ಲಿ ನಿನ್ನೆಯ ಸಬಕ್ ಒಪ್ಪಿಸಲಾಗದ ಹುಡುಗನಿಗೆ ದಡ್ಡನೆಂಬ ಹೆಸರು ಅಂಟುತ್ತದೆ. ಒಮ್ಮೆ ಆ ಪ್ರಶ್ನೆಯನ್ನು ಬೈಗುಳವಾಗಿಸದೆ, ನಿಜವಾಗಿ ಕೇಳಿ ನೋಡಿ.

ಅಂಗಡಿಯ ಲೆಕ್ಕ ಮುಗಿಯುವ ತನಕ ಅಂಕಿಗಳನ್ನು ಮನಸ್ಸಿನಲ್ಲಿ ಹಿಡಿದಿಡುತ್ತೀರಲ್ಲ, ಅದಕ್ಕೆ ಕಾರ್ಯಸ್ಮೃತಿ ಎನ್ನುತ್ತಾರೆ. ಅದರಲ್ಲಿ ಒಮ್ಮೆಗೆ ಹಿಡಿಸುವುದು ಕೆಲವೇ ಸಂಗತಿಗಳು. ಸಾಲದ ಚಿಂತೆ ಅಲ್ಲಿ ಬಂದು ಕೂತರೆ ಹಾಲಿಗೆ ಜಾಗವೆಲ್ಲಿ? ಖಿನ್ನತೆಯಲ್ಲಂತೂ ಗಮನ ಕುಂದುವುದು ಕಾಯಿಲೆಯ ಲಕ್ಷಣಗಳಲ್ಲೇ ಒಂದು.

ಇದನ್ನು ಅಳೆಯಲೂಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಶೋಭಿನಿ ರಾವ್ ಮತ್ತು ಸಂಗಡಿಗರು ಗಮನ, ನೆನಪು ಮೊದಲಾದವುಗಳ ಪರೀಕ್ಷಾ ಸರಣಿಯೊಂದನ್ನು 2004ರಲ್ಲಿ ಹೊರತಂದರು. ಅದರ ಒಂದು ಪರೀಕ್ಷೆಯಲ್ಲಿ ಭಾರತದ ಹಲವು ಭಾಷೆಗಳಲ್ಲಿರುವ ವ್ಯಂಜನಗಳನ್ನು ಒಂದೊಂದಾಗಿ ಕೇಳಿಸುತ್ತಾರೆ. ಅದೇ ಧ್ವನಿ ನಡುವೆ ಒಂದನ್ನು ಬಿಟ್ಟು ಮತ್ತೆ ಬಂದರೆ ಮೇಜು ತಟ್ಟಬೇಕು. ಪೆನ್ನು ಬೇಡ, ಓದು ಬೇಡ. ಅದಕ್ಕಿಂತ ದೊಡ್ಡ ಮಾತೆಂದರೆ, ಶಾಲೆಯನ್ನೇ ಕಾಣದವರಿಗೆ, ಶಾಲೆ ಓದಿದವರಿಗೆ, ಕಾಲೇಜು ಮುಗಿಸಿದವರಿಗೆ ಅವರು ಬೇರೆ ಬೇರೆ ಮಾನದಂಡ ಕೊಟ್ಟರು. ನೂರರಿಂದ ಏಳೇಳು ಕಳೆಯುತ್ತಾ ಹೋಗೆಂದು ಅಕ್ಷರ ಕಲಿಯದ ತಾಯಿಗೆ ಹೇಳಿ, ಆಕೆ ತಡವರಿಸಿದರೆ ನೆನಪು ಕೆಟ್ಟಿದೆ ಎಂದು ಬರೆಯುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಆಕೆಯನ್ನು ಆಕೆಯಂಥವರ ಜೊತೆಗೇ ತೂಗಬೇಕು.

ಎಲ್ಲ ಮರೆವೂ ಮನಸ್ಸಿನದಲ್ಲ, ನೆನಪಿರಲಿ. ರಕ್ತಹೀನತೆ, ಥೈರಾಯ್ಡ್, ಬಿ12 ಕೊರತೆ, ನಿದ್ದೆಗೇಡು ಕೂಡ ಹೀಗೇ ಮಾಡುತ್ತವೆ. ಮೊಬೈಲಿನಲ್ಲಿ ಬುದ್ಧಿ ಚುರುಕಾಗಿಸುವ ಆಟಗಳಿಗೆ ದುಡ್ಡು ಸುರಿಯುವುದಕ್ಕಿಂತ ಮೊದಲು ರಕ್ತ ಪರೀಕ್ಷೆ ಮಾಡಿಸಿ.

ಮರೆವಿನ ಜೊತೆ ಬೇಸರ, ನಿದ್ದೆಯಿಲ್ಲದ ರಾತ್ರಿ, ಊಟ ಸೇರದಿರುವುದು ಎರಡು ವಾರ ಮೀರಿದರೆ ಕಲಬುರಗಿ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿರಿ. ಅಷ್ಟು ದೂರ ಹೋಗುವುದು ಕಷ್ಟವೆನಿಸಿದರೆ 14416ಕ್ಕೆ ಕರೆ ಮಾಡಿ. 2022ರಲ್ಲಿ ಶುರುವಾದ ಟೆಲಿ ಮಾನಸ್ ಸೇವೆ ಇದು. ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ.

ಆಸ್ಪತ್ರೆಗೆ ಜೊತೆಗೆ ಹೋಗುವವರಿಗೆ ಒಂದು ಮಾತು: ಆಕೆ ಎಷ್ಟು ಓದಿದ್ದಾಳೆ, ಮನೆಯಲ್ಲಿ ಯಾವ ಭಾಷೆ ಆಡುತ್ತಾಳೆ ಎಂಬುದನ್ನು ವೈದ್ಯರಿಗೆ ಮೊದಲೇ ಹೇಳಿ. ಆಮೇಲೆ ಸುಮ್ಮನಿರಿ. ಅವರು ಆಕೆಯನ್ನು ಕೇಳಿದ್ದಕ್ಕೆ ಆಕೆಯೇ ಉತ್ತರ ಕೊಡಲಿ, ತಡವಾದರೂ ಸರಿ.