ಹಾಲು ಸಾಲದಿದ್ದರೆ ವಂಶವನ್ನು ದೂರಬೇಡಿ

ಬಾಣಂತಿಯನ್ನು ನೋಡಲು ಬಂದ ನೆಂಟರು ತಪ್ಪದೆ ಕೇಳುವ ಪ್ರಶ್ನೆ ಒಂದುಂಟು: ‘ಹಾಲು ಉಂಟಾ?’ ಪುತ್ತೂರು, ಸುಳ್ಯ, ಕಡಬ ಎಲ್ಲಿಗೆ ಹೋದರೂ ಇದು ಬದಲಾಗದು. ‘ಸ್ವಲ್ಪ ಕಡಿಮೆ’ ಎಂಬ ಉತ್ತರ ಬಂದರೆ ಸಾಕು, ತೀರ್ಪು ಸಿದ್ಧ: ‘ಅವಳ ತಾಯಿಗೂ ಇರಲಿಲ್ಲ, ಅಕ್ಕನಿಗೂ ಇರಲಿಲ್ಲ. ಅದು ವಂಶದಲ್ಲೇ ಇಲ್ಲ.’ ಸಂಜೆಯೊಳಗೆ ಹಾಲಿನ ಪುಡಿಯ ಡಬ್ಬವೂ ಬಾಟಲಿಯೂ ಮನೆ ಸೇರಿರುತ್ತವೆ.

ಈ ತರ್ಕ ಹುಟ್ಟಿದ್ದು ಹಟ್ಟಿಯಲ್ಲಿ ಎಂದು ನನ್ನ ಗುಮಾನಿ. ನಮ್ಮ ಊರದನ ಮಲೆನಾಡು ಗಿಡ್ಡ ದಿನಕ್ಕೆ ಒಂದೆರಡು ಲೀಟರ್ ಹಾಲು ಕೊಟ್ಟರೆ, ಪಕ್ಕದಲ್ಲೇ ಕಟ್ಟಿದ ಜೆರ್ಸಿ ಮಿಶ್ರತಳಿ ಅದರ ಹಲವು ಪಟ್ಟು ಕೊಡುತ್ತದೆ. ತಳಿ ನೋಡಿ ಹಸು ಕೊಳ್ಳುವ ಕೃಷಿಕ ಮನುಷ್ಯರನ್ನೂ ಅದೇ ಕಣ್ಣಿನಿಂದ ನೋಡಿದರೆ ಆಶ್ಚರ್ಯವಿಲ್ಲ. ಆದರೆ ಹಸುವಿನ ಲೆಕ್ಕವೂ ಅಷ್ಟು ಸರಳವಲ್ಲ. ಒಂದೇ ತಳಿಯ ಹಸುಗಳ ನಡುವೆ ಕಾಣುವ ಹಾಲಿನ ಹೆಚ್ಚುಕಡಿಮೆಯಲ್ಲಿ ವಂಶವಾಹಿಗಳ, ಅಂದರೆ ಜೀನ್‌ಗಳ ಪಾಲು ಸುಮಾರು ಕಾಲು ಭಾಗ ಮಾತ್ರ. ಉಳಿದದ್ದು ಮೇವು, ಆರೋಗ್ಯ, ಕರೆಯುವ ಕ್ರಮ, ಸಾಕುವವರ ಆರೈಕೆ.

ಹಾಗಾದರೆ ಜೀನ್‌ಗಳಿಗೆ ಇಲ್ಲಿ ಕೆಲಸವೇ ಇಲ್ಲವೇ? ಖಂಡಿತ ಇದೆ. ಅದನ್ನು ನಮಗೆ ತೋರಿಸಿಕೊಟ್ಟದ್ದು ಇಲಿಗಳು. ಪ್ರಯೋಗಾಲಯದ ಸಣ್ಣ ಇಲಿ ಮೂರು ವಾರಗಳಲ್ಲಿ ಮರಿ ಹಾಕುತ್ತದೆ. ಬೇಕಾದ ಒಂದು ಜೀನನ್ನು ಮಾತ್ರ ಕೆಡಿಸಿ ಪರಿಣಾಮ ನೋಡಬಹುದು. 1996ರಲ್ಲಿ ವಿಜ್ಞಾನಿಗಳು ಆಕ್ಸಿಟೋಸಿನ್ ಎಂಬ ಹಾರ್ಮೋನಿನ ಜೀನ್ ಇಲ್ಲದ ಇಲಿಗಳನ್ನು ಸೃಷ್ಟಿಸಿದರು. ಅವು ಗರ್ಭ ಧರಿಸಿದವು, ಹೆತ್ತವು. ಮೊಲೆಯಲ್ಲಿ ಹಾಲೂ ತುಂಬಿತ್ತು. ಆದರೆ ಹಾಲು ಹೊರಬರಲಿಲ್ಲ, ಮರಿಗಳು ಸತ್ತವು. ತಾಯಿಗೆ ಆಕ್ಸಿಟೋಸಿನ್ ಚುಚ್ಚುಮದ್ದು ಕೊಟ್ಟಾಗ ಹಾಲು ಇಳಿಯಿತು, ಮರಿಗಳು ಬದುಕಿದವು. ಹಾಲು ತಯಾರಾಗುವುದು ಬೇರೆ, ಇಳಿಯುವುದು ಬೇರೆ ಎಂಬುದು ಇಲ್ಲಿ ಸ್ಪಷ್ಟವಾಯಿತು.

ಮರುವರ್ಷ, 1997ರಲ್ಲಿ, ಇನ್ನೊಂದು ಪ್ರಯೋಗ ಪ್ರಕಟವಾಯಿತು. ಹಾಲು ತಯಾರಿಸುವ ಆಜ್ಞೆ ಕೊಡುವ ಹಾರ್ಮೋನ್ ಪ್ರೊಲ್ಯಾಕ್ಟಿನ್. ಅದನ್ನು ಗ್ರಹಿಸುವ ಜೀನಿನ ಎರಡು ಪ್ರತಿಗಳಲ್ಲಿ ಒಂದನ್ನು ಕೆಡಿಸಿದ ಇಲಿಗಳಿಗೆ ಚೊಚ್ಚಲ ಹೆರಿಗೆಯಲ್ಲಿ ಹಾಲು ಇಲ್ಲವೆನ್ನುವಷ್ಟು ಕಡಿಮೆ. ಆದರೆ ಮುಂದಿನ ಹೆರಿಗೆಗಳಲ್ಲಿ ಅವೇ ಇಲಿಗಳು ಮರಿಗಳಿಗೆ ಹಾಲೂಡಿಸಿದವು! ಜೀನಿನ ದೋಷ ಹಾಗೆಯೇ ಇತ್ತು, ಮೊಲೆಯ ಗ್ರಂಥಿ ಮಾತ್ರ ಇನ್ನೊಂದು ಗರ್ಭದಲ್ಲಿ ಮತ್ತಷ್ಟು ಬೆಳೆದಿತ್ತು. ಇಲಿಯಲ್ಲೂ ಜೀನ್ ಎಂಬುದು ಬ್ರಹ್ಮಲಿಖಿತವಲ್ಲ ಎಂದಾಯಿತು.

ಹೆಂಗಸರಲ್ಲಿ ಜೀನ್‌ನಿಂದಲೇ ಬರುವ ತೊಂದರೆಗಳು ಇವೆ, ಆದರೆ ತೀರಾ ಅಪರೂಪ. ಸತುವಿನ ಅಂಶವನ್ನು ಹಾಲಿಗೆ ಸಾಗಿಸುವ ಜೀನಿನಲ್ಲಿ ದೋಷವಿರುವ ತಾಯಂದಿರನ್ನು 2006ರಲ್ಲಿ ಗುರುತಿಸಲಾಯಿತು. ಅವರಿಗೆ ಹಾಲಿನ ಪ್ರಮಾಣದ ಕೊರತೆಯಲ್ಲ, ಹಾಲಿನಲ್ಲಿ ಸತುವಿನ ಕೊರತೆ. ಅವರ ಹಾಲನ್ನೇ ಕುಡಿಯುವ ಮಗುವಿಗೆ ಬಾಯಿ ಮತ್ತು ಗುದದ ಸುತ್ತ ಹುಣ್ಣುಗಳಾಗುತ್ತವೆ. ಮಗುವಿಗೆ ಸತುವಿನ ಔಷಧಿ ಕೊಟ್ಟರೆ ವಾಸಿ, ಹಾಲು ಬಿಡಿಸಬೇಕಿಲ್ಲ. ಹೆರಿಗೆಯಲ್ಲಿ ವಿಪರೀತ ರಕ್ತಸ್ರಾವವಾಗಿ ಪಿಟ್ಯುಟರಿ ಗ್ರಂಥಿ ಸೊರಗಿದರೆ, ಮಾಸಿನ ತುಣುಕು ಒಳಗೆ ಉಳಿದರೆ, ಥೈರಾಯ್ಡ್ ತೊಂದರೆ ಇದ್ದರೆ, ಮೊಲೆಯ ಗ್ರಂಥಿಯೇ ಸರಿಯಾಗಿ ಬೆಳೆದಿರದಿದ್ದರೆ ಹಾಲು ನಿಜಕ್ಕೂ ಕಡಿಮೆಯಾಗಬಹುದು. ಇಂಥ ತಾಯಂದಿರನ್ನು ಹೀಗಳೆಯುವುದು ಕ್ರೌರ್ಯ. ಅವರಿಗೆ ಬೇಕಾದದ್ದು ಪರೀಕ್ಷೆ, ಚಿಕಿತ್ಸೆ. ಬೇಕಾದರೆ ವೈದ್ಯರ ಸಲಹೆಯಂತೆ ಮೇಲುಹಾಲು.

ಆದರೆ ‘ಹಾಲು ಸಾಲದು’ ಎಂದು ಬರುವ ಬಹುಪಾಲು ತಾಯಂದಿರು ಈ ಗುಂಪಿನವರಲ್ಲ. ಅವರ ಮನೆಗಳಲ್ಲಿ ವಂಶಪಾರಂಪರ್ಯವಾಗಿ ಬಂದಿರುವುದು ಜೀನ್ ಅಲ್ಲ, ಅಭ್ಯಾಸ. ಮೊದಲ ಎರಡು ಮೂರು ದಿನ ಬರುವ ಹಳದಿ ಗಿಣ್ಣುಹಾಲು ಚಮಚಗಳ ಲೆಕ್ಕದಲ್ಲೇ ಇರುತ್ತದೆ, ಎಳೆಗೂಸಿನ ಹೊಟ್ಟೆಗೆ ಅಷ್ಟೇ ಸಾಕು. ಅದನ್ನು ಕಂಡು ‘ಹಾಲಿಲ್ಲ’ ಎಂದು ಅಜ್ಜಿ ಹೆದರಿ ಸಕ್ಕರೆ ನೀರು, ಜೇನು, ತೇಯ್ದ ಬಜೆ ಕೊಟ್ಟರು. ಅಮ್ಮನೂ ಅದನ್ನೇ ಮಾಡಿದರು. ಈಗ ಮಗಳ ಸರದಿ. ಹೊಟ್ಟೆ ತುಂಬಿದ ಮಗು ಮೊಲೆ ಚೀಪುವುದಿಲ್ಲ. ಚೀಪದಿದ್ದರೆ ಪ್ರೊಲ್ಯಾಕ್ಟಿನ್ ಏರುವುದಿಲ್ಲ. ಮೊಲೆಯಲ್ಲಿ ಉಳಿದ ಹಾಲು ‘ಇನ್ನು ಬೇಡ’ ಎಂಬ ಸೂಚನೆ ಕೊಡುತ್ತದೆ. ವಾರದೊಳಗೆ ಹಾಲು ನಿಜಕ್ಕೂ ಕಡಿಮೆಯಾಗುತ್ತದೆ. ‘ನಾವು ಹೇಳಿರಲಿಲ್ಲವೇ?’ ಎನ್ನುತ್ತಾರೆ ಹಿರಿಯರು.

ಮನೆಯವರನ್ನಷ್ಟೇ ದೂರಿ ನಾವು ವೈದ್ಯರು ಕೈ ತೊಳೆದುಕೊಳ್ಳುವಂತಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಶೇ. 88.6ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲೇ ಆಗುತ್ತವೆ. ಆದರೆ ಹುಟ್ಟಿದ ಒಂದು ಗಂಟೆಯೊಳಗೆ ತಾಯಿಹಾಲು ಕಾಣುವ ಮಕ್ಕಳು ಶೇ. 41.8 ಮಾತ್ರ. ಆ ಮೊದಲ ಗಂಟೆಯಲ್ಲಿ ಮಗು ಇರುವುದು ಅಜ್ಜಿಯ ಕೈಯಲ್ಲಲ್ಲ, ನಮ್ಮ ಕೈಯಲ್ಲಿ. ಸಿಸೇರಿಯನ್ ಆಯಿತೆಂದು ಮಗುವನ್ನು ಬೇರೆ ಕೋಣೆಯಲ್ಲಿಟ್ಟು, ಚೀಟಿಯಲ್ಲಿ ಪುಡಿಯ ಹೆಸರು ಬರೆದುಕೊಟ್ಟರೆ, ಆಮೇಲೆ ಎಷ್ಟು ಉಪದೇಶ ಮಾಡಿದರೂ ಪ್ರಯೋಜನವಿಲ್ಲ. ಎರಡು ವರ್ಷದೊಳಗಿನ ಮಕ್ಕಳ ಆಹಾರದ ಜಾಹೀರಾತನ್ನು 1992ರ ಕಾಯಿದೆ, 2003ರ ತಿದ್ದುಪಡಿಯೊಂದಿಗೆ, ನಿಷೇಧಿಸಿದೆ. ವೈದ್ಯರ ಚೀಟಿಯೇ ಜಾಹೀರಾತಾಗಬಾರದು.

ಇನ್ನು ಹಾಲು ಸಾಲುತ್ತದೆಯೇ ಎಂದು ತಿಳಿಯುವುದು ಹೇಗೆ? ಇಲಿಮರಿಯ ತೆಳು ಚರ್ಮದೊಳಗಿಂದ ಹೊಟ್ಟೆಯ ಬಿಳಿ ಹಾಲು ಹೊರಗೇ ಕಾಣುತ್ತದೆ. ನಮ್ಮ ಮಕ್ಕಳಿಗೆ ಆ ಕಿಟಕಿ ಇಲ್ಲ. ಆದ್ದರಿಂದ ಒದ್ದೆ ಬಟ್ಟೆ ಎಣಿಸಿ, ತೂಕ ನೋಡಿ. ಐದಾರು ದಿನ ಕಳೆದ ಮಗು ದಿನಕ್ಕೆ ಆರು ಸಲವಾದರೂ ಮೂತ್ರ ಮಾಡಬೇಕು. ಆರಂಭದಲ್ಲಿ ತೂಕ ತುಸು ಇಳಿಯುವುದು ಸಹಜ. ಎರಡು ವಾರದೊಳಗೆ ಹುಟ್ಟುವಾಗಿನ ತೂಕ ಮರಳಬೇಕು. ಇವೆರಡೂ ಸರಿಯಿದ್ದರೆ ಮಗು ಎಷ್ಟು ಅತ್ತರೂ ಹಾಲು ಸಾಲುತ್ತಿದೆ ಎಂದೇ ಅರ್ಥ. ಮಗು ಮಂಕಾಗಿದ್ದರೆ, ಮೂತ್ರ ಕಡಿಮೆಯಾದರೆ, ತೂಕ ಏರದಿದ್ದರೆ ಕಾಯದೆ ವೈದ್ಯರಿಗೆ ತೋರಿಸಿ.

ದಿನಕ್ಕೆ ಎಂಟು ಹತ್ತು ಸಲ, ರಾತ್ರಿಯೂ ಸೇರಿದಂತೆ, ಹಾಲೂಡಿಸಬೇಕು. ಬಾಣಂತಿಗೆ ನೀರು ಕಟ್ಟಬೇಡಿ; ಬಾಯಾರಿದಷ್ಟು ಕುಡಿಯಲಿ, ಹೊಟ್ಟೆ ತುಂಬ ಉಣ್ಣಲಿ. ನೋವು, ಆತಂಕ, ಚುಚ್ಚುಮಾತು ಇವು ಆಕ್ಸಿಟೋಸಿನ್‌ಗೆ ಅಡ್ಡಿ. ತಯಾರಾದ ಹಾಲೂ ಇಳಿಯದು. ‘ನಿನ್ನ ತವರಿನ ಗುಣ’ ಎಂಬ ಒಂದು ಮಾತು ಮಾಡುವ ಕೇಡನ್ನು ಯಾವ ಟಾನಿಕ್ಕೂ ಸರಿಪಡಿಸದು.

ಬಾಟಲಿ ಹಿಡಿದ ಮಗುವಿಗೆ ನಮ್ಮ ಮಳೆಗಾಲವೇ ದೊಡ್ಡ ಪರೀಕ್ಷೆ. ಬಾವಿಯ ನೀರು ಕದಡಿರುತ್ತದೆ, ಸೌದೆ ಒದ್ದೆ, ಪ್ರತಿ ಸಲ ಬಾಟಲಿ ಕುದಿಸಲು ಬಿಡುವಿಲ್ಲ. ಡಬ್ಬ ಬೇಗ ಮುಗಿಯಬಾರದೆಂದು ಪುಡಿಯನ್ನು ನೀರಾಗಿಸುವುದೂ ಉಂಟು. ಭೇದಿಯಾಗಿ ಒಣಗಿದ ಕೂಸುಗಳಲ್ಲಿ ಇದರ ಫಲ ಕಾಣುತ್ತೇವೆ.

ಮನುಷ್ಯಕುಲ ಉಳಿದು ಬಂದದ್ದೇ ಹಾಲೂಡಿಸಿದ ತಾಯಂದಿರಿಂದ. ಡಬ್ಬಗಳು ಬರುವುದಕ್ಕೆ ಎಷ್ಟೋ ತಲೆಮಾರುಗಳ ಮೊದಲೇ ಈ ವಂಶ ಪರೀಕ್ಷೆಯಲ್ಲಿ ತೇರ್ಗಡೆಯಾಗಿದೆ. ಇನ್ನು ಮುಂದೆ ಬಾಣಂತಿಯನ್ನು ನೋಡಲು ಹೋದಾಗ ‘ಹಾಲು ಉಂಟಾ?’ ಎಂದು ಕೇಳುವ ಬದಲು ‘ಊಟ ಆಯಿತಾ? ನಿದ್ದೆ ಬಂತಾ?’ ಎಂದು ಕೇಳಿ. ಹಾಲಿಗೆ ಅದೇ ಒಳ್ಳೆಯ ಮದ್ದು.