ಓಟಕ್ಕೆ ಒಂದು ದಿನ, ಉಸಿರಿಗೆ ಹತ್ತು ದಿನ

ನಮ್ಮ ಕರಾವಳಿಯಲ್ಲಿ ಈಗ ಓಡುವವರ ಸಂಖ್ಯೆ ಹೆಚ್ಚಾಗಿದೆ. ಕಾಸರಗೋಡು, ಉಪ್ಪಳ, ಮಂಜೇಶ್ವರದಿಂದ ಹಿಡಿದು ಉಳ್ಳಾಲ, ಮಂಗಳೂರಿನವರೆಗೆ ಬೆಳಗಿನ ಜಾವ ರಸ್ತೆ ಬದಿಯಲ್ಲಿ, ಕಡಲ ಕರೆಯಲ್ಲಿ ಶೂ ಕಟ್ಟಿಕೊಂಡು ಓಡುವ ಹುಡುಗರು ಕಾಣಸಿಗುತ್ತಾರೆ. ಗಲ್ಫ್‌ನಲ್ಲಿರುವವರೂ ಡ್ಯೂಟಿಗೆ ಮುಂಚೆ ಎದ್ದು ಓಡುತ್ತಾರೆ. ಬೀಪಿ, ಶುಗರ್ ಮನೆಮನೆ ಸೇರಿರುವ ಈ ಕಾಲದಲ್ಲಿ ಇದಕ್ಕಿಂತ ಸಂತೋಷದ ಸಂಗತಿ ಬೇರೆ ಇಲ್ಲ. 10 ಕಿ.ಮೀ. ಓಡಿದವನಿಗೆ 21ರ ಆಸೆ, 21 ಮುಗಿಸಿದವನಿಗೆ 42ರ ಆಸೆ. ಅದೂ ಆದ ಮೇಲೆ ಕಣ್ಣು ಬೀಳುವುದು ಹಿಮಾಲಯದ ಮೇಲೆ. ನೀಲಿ ಆಕಾಶ, ಬೋಳು ಬೆಟ್ಟ, ದಾರಿ ಬದಿಯ ಗೊಂಪಾ, ಅದರ ನಡುವೆ ಎದೆಗೆ ನಂಬರ್ ಸಿಕ್ಕಿಸಿಕೊಂಡು ಓಡುತ್ತಿರುವ ಒಬ್ಬ ಮನುಷ್ಯ. ಅಂಥ ಫೋಟೋ ನೋಡಿದರೆ ಯಾರಿಗೂ ಮನಸ್ಸು ತಡೆಯುವುದಿಲ್ಲ.

ಹೋಗಲಿ, ನೋಡಲಿ, ಓಡಲಿ. ಆದರೆ ಒಂದು ಮಾತನ್ನು ಖಡಾಖಂಡಿತವಾಗಿ ಹೇಳಲೇಬೇಕು. ಓಟಕ್ಕೆ ಮುಂಚೆ ಒಂದು ವಾರ, ಹತ್ತು ದಿನ ಅಲ್ಲೇ ತಂಗಲು ರಜೆ ಇಲ್ಲದವರು ಎತ್ತರದ ಮ್ಯಾರಥಾನ್‌ಗೆ ಹೋಗಬಾರದು. ನೋಂದಣಿ ಶುಲ್ಕ, ವಿಮಾನದ ಟಿಕೆಟ್, ಒಳ್ಳೆಯ ಶೂ, ಇವೆಲ್ಲ ಆ ಓಟದ ಸಣ್ಣ ಖರ್ಚುಗಳು. ನಿಜವಾದ ಖರ್ಚು ದಿನಗಳದ್ದು. ಅದನ್ನು ಕೊಡಲಾಗದೆ ಚೌಕಾಸಿಗೆ ಇಳಿದರೆ ಬಾಕಿ ವಸೂಲಿ ನಮ್ಮ ಶ್ವಾಸಕೋಶದಿಂದ, ಮೆದುಳಿನಿಂದ ಆಗುತ್ತದೆ.

ಲಡಾಖ್ ಮ್ಯಾರಥಾನನ್ನೇ ನೋಡಿ. 2012ರಲ್ಲಿ ಶುರುವಾದ ಓಟ. ಮುಂಬೈಯಂಥ ಊರಿನ ಜನಸಾಗರದ ಮುಂದೆ ಅದು ಸಣ್ಣದು. ನಡೆಯುವುದು ಸೆಪ್ಟೆಂಬರಿನಲ್ಲಿ. ಓಟದ ಊರು ಲೇಹ್, ಸಮುದ್ರಮಟ್ಟದಿಂದ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ಸಿಂಧೂ ನದಿಯ ಕಡೆಗೆ ಇಳಿದು, ಮತ್ತೆ ಊರಿನ ಕಡೆಗೆ ಏರಬೇಕು. ಕಾಲು ಸೋತಿರುವ ಕೊನೆಯ ಕಿಲೋಮೀಟರುಗಳಲ್ಲೇ ಏರು ಬರುತ್ತದೆ. ಅದೇ ಕೂಟದಲ್ಲಿ 72 ಕಿ.ಮೀ.ಗಳ ಖಾರ್ದುಂಗ್ ಲಾ ಚಾಲೆಂಜ್ ಎಂಬ ಇನ್ನೊಂದು ಓಟವಿದೆ. ಅದು 5,300 ಮೀಟರಿಗಿಂತಲೂ ಎತ್ತರದ ಕಣಿವೆದಾರಿಯನ್ನು ದಾಟಿ ಬರುತ್ತದೆ.

ಈಗ ಗಾಳಿಯ ಲೆಕ್ಕ. ಎತ್ತರದಲ್ಲಿ ಆಮ್ಲಜನಕದ ಪಾಲು ಕಡಿಮೆ ಎಂದು ಹಲವರು ತಿಳಿದಿದ್ದಾರೆ. ಪಾಲು ಎಲ್ಲ ಕಡೆಯೂ ಅದೇ, ನೂರಕ್ಕೆ 21. ಕಡಿಮೆಯಾಗುವುದು ಗಾಳಿಯ ಒತ್ತಡ. ಉಳ್ಳಾಲದ ಕಡಲ ಕರೆಯಲ್ಲಿ ನಿಂತು ಎಳೆದುಕೊಂಡ ಒಂದು ಉಸಿರಿನಲ್ಲಿ ಎಷ್ಟು ಆಮ್ಲಜನಕ ಇರುತ್ತದೋ, ಲೇಹ್‌ನಲ್ಲಿ ಅದೇ ಉಸಿರಿನಲ್ಲಿ ಸಿಗುವುದು ಅದರ ಮೂರನೇ ಎರಡು ಪಾಲು ಮಾತ್ರ. ಖಾರ್ದುಂಗ್ ಲಾದಲ್ಲಿ ಹೆಚ್ಚುಕಡಿಮೆ ಅರ್ಧ. ಎಂಜಿನ್ ಅದೇ, ಪೆಟ್ರೋಲ್ ಪೈಪ್ ಸಪೂರವಾದ ಹಾಗೆ.

ಇದು ನಮ್ಮಂಥ ಹವ್ಯಾಸಿಗಳ ತೊಂದರೆ ಮಾತ್ರ ಎಂದುಕೊಳ್ಳಬೇಡಿ. 1968ರ ಒಲಿಂಪಿಕ್ಸ್ ಮೆಕ್ಸಿಕೋ ನಗರದಲ್ಲಿ ನಡೆಯಿತು. ಆ ನಗರದ ಎತ್ತರ ಸುಮಾರು 2,240 ಮೀಟರ್, ಸರಿಸುಮಾರು ನಮ್ಮ ಊಟಿಯಷ್ಟೇ. ಆಗ 10,000 ಮೀಟರ್ ಓಟದ ವಿಶ್ವದಾಖಲೆ ಆಸ್ಟ್ರೇಲಿಯಾದ ರಾನ್ ಕ್ಲಾರ್ಕ್ ಹೆಸರಿನಲ್ಲಿತ್ತು, 27 ನಿಮಿಷ 39 ಸೆಕೆಂಡು. ಮೆಕ್ಸಿಕೋದಲ್ಲಿ ಅದೇ ಕ್ಲಾರ್ಕ್ ಆರನೆಯವರಾಗಿ ಗುರಿ ಮುಟ್ಟಿ ಕುಸಿದು ಬಿದ್ದರು, ಆಮ್ಲಜನಕ ಕೊಡಬೇಕಾಯಿತು. ಗೆದ್ದವರು ಕೆನ್ಯಾದ ನಫ್ತಾಲಿ ಟೆಮು. ಅವರ ಸಮಯ 29 ನಿಮಿಷ 27 ಸೆಕೆಂಡು, ಅಂದರೆ ಗೆದ್ದವರೂ ದಾಖಲೆಗಿಂತ ಸುಮಾರು ಎರಡು ನಿಮಿಷ ಹಿಂದೆ. ಎರಡನೆಯವರಾಗಿ ಬಂದ ಮಾಮೋ ವೊಲ್ಡೆ ಇಥಿಯೋಪಿಯಾದವರು. ಮ್ಯಾರಥಾನ್ ಗೆದ್ದವರೂ ಅವರೇ. ಕೆನ್ಯಾ, ಇಥಿಯೋಪಿಯಾದ ಈ ಓಟಗಾರರು ಎತ್ತರದ ನಾಡಿನವರು ಎಂಬುದನ್ನು ಮರೆಯಬಾರದು. ಊಟಿಯಷ್ಟು ಎತ್ತರದಲ್ಲೇ ವಿಶ್ವದಾಖಲೆಯ ಓಟಗಾರನಿಗೆ ಈ ಗತಿಯಾದರೆ, ಅದಕ್ಕಿಂತ 1,200 ಮೀಟರ್ ಮೇಲಿರುವ ಲೇಹ್‌ನಲ್ಲಿ ನಿನ್ನೆ ವಿಮಾನದಿಂದ ಇಳಿದವನ ಗತಿ ಏನು?

ದೇಹ ಇದಕ್ಕೆ ಹೊಂದಿಕೊಳ್ಳುವುದಿಲ್ಲ ಎಂದಲ್ಲ, ಹೊಂದಿಕೊಳ್ಳುತ್ತದೆ. ಆದರೆ ತನ್ನದೇ ಹೊತ್ತು ತೆಗೆದುಕೊಳ್ಳುತ್ತದೆ. ಉಸಿರಾಟ ಮೊದಲ ದಿನದಿಂದಲೇ ಜೋರಾಗುತ್ತದೆ, ಅದು ಒಂದು ಹದಕ್ಕೆ ಬರಲು ಹಲವು ದಿನ ಬೇಕು. ಕೆಂಪು ರಕ್ತಕಣಗಳು ಸಾಕಷ್ಟು ಹೆಚ್ಚಲು ವಾರಗಳೇ ಬೇಕು. ಈ ನಡುವೆ ತಲೆನೋವು, ವಾಕರಿಕೆ, ಊಟ ಸೇರದಿರುವುದು, ನಿದ್ದೆ ಬಾರದಿರುವುದು ಸಾಮಾನ್ಯ. ಮೇಲೆ ತಲುಪಿ ಕೆಲವು ಗಂಟೆಗಳ ನಂತರ, ಹಲವು ಸಲ ಮೊದಲ ರಾತ್ರಿ ಇದು ಶುರುವಾಗುತ್ತದೆ. ಅಷ್ಟಕ್ಕೇ ನಿಂತರೆ ವಿಶ್ರಾಂತಿಯಿಂದ ಸರಿಹೋಗುತ್ತದೆ. ಅದನ್ನು ಲೆಕ್ಕಿಸದೆ ಇನ್ನೂ ಮೇಲೆ ಹತ್ತಿದರೆ, ಮೈಮುರಿದು ಓಡಿದರೆ, ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳಬಹುದು ಅಥವಾ ಮೆದುಳು ಊದಿಕೊಳ್ಳಬಹುದು. ಸುಮ್ಮನೆ ಕೂತಾಗಲೂ ಏದುಸಿರು, ಬಿಡದ ಕೆಮ್ಮು, ನೀಲಿಗಟ್ಟಿದ ತುಟಿ, ಕುಡಿದವನಂತೆ ತೂರಾಡುವ ನಡಿಗೆ, ಅಸಂಬದ್ಧ ಮಾತು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬಾರದು. ತಕ್ಷಣ ಆಮ್ಲಜನಕ, ವೈದ್ಯರು, ಮತ್ತು ಕೆಳಗಿಳಿಯುವ ದಾರಿ. ತಡ ಮಾಡಿದರೆ ಜೀವ ಹೋಗುತ್ತದೆ.

ಇಲ್ಲಿ ಓಡುವವರಿಗೆ ಒಂದು ವಿಶೇಷ ಅಪಾಯವಿದೆ. ನಾನು ಫಿಟ್ ಇದ್ದೇನೆ, ನನಗೇನೂ ಆಗುವುದಿಲ್ಲ ಎಂಬ ಧೈರ್ಯವೇ ಆ ಅಪಾಯ. ಎತ್ತರದ ಕಾಯಿಲೆ ಫಿಟ್‌ನೆಸ್ ನೋಡಿ ಬರುವುದಿಲ್ಲ. ಹೊಟ್ಟೆ ಬೆಳೆಸಿಕೊಂಡ ಪ್ರವಾಸಿ ತಲೆನೋವು ಎಂದು ಕಂಬಳಿ ಹೊದ್ದು ಮಲಗುತ್ತಾನೆ, ಮರುದಿನ ಏಳುತ್ತಾನೆ. ಆರು ತಿಂಗಳು ತಯಾರಿ ಮಾಡಿದ ಓಟಗಾರ ತಲೆನೋವನ್ನು ಯಾರಿಗೂ ಹೇಳದೆ ಮಾತ್ರೆ ನುಂಗಿ ಓಟದ ಗೆರೆಗೆ ಬಂದು ನಿಲ್ಲುತ್ತಾನೆ. ನೋವು ತಡೆದುಕೊಳ್ಳುವುದನ್ನು ಅವನಿಗೆ ಮ್ಯಾರಥಾನ್ ಕಲಿಸಿದೆ. ಬಯಲಿನಲ್ಲಿ ಗುಣವಾದ ಆ ಅಭ್ಯಾಸ ಬೆಟ್ಟದ ಮೇಲೆ ದೋಷವಾಗುತ್ತದೆ.

ನೇಪಾಳದಲ್ಲಿ ನಡೆಯುವ ತೇನ್‌ಸಿಂಗ್ ಹಿಲರಿ ಎವರೆಸ್ಟ್ ಮ್ಯಾರಥಾನ್ ಈ ವಿಷಯದಲ್ಲಿ ಒಳ್ಳೆಯ ಮೇಲ್ಪಂಕ್ತಿ. ಎವರೆಸ್ಟ್ ಮೊದಲ ಸಲ ಏರಿದ 1953ರ ಮೇ 29ರ ನೆನಪಿಗೆ ಪ್ರತಿ ವರ್ಷ ಅದೇ ದಿನ ನಡೆಯುವ ಓಟ. ಶುರುವಾಗುವುದು 5,300 ಮೀಟರಿಗಿಂತ ಮೇಲಿರುವ ಬೇಸ್ ಕ್ಯಾಂಪಿನಲ್ಲಿ, ಮುಗಿಯುವುದು 3,440 ಮೀಟರಿನ ನಾಮ್ಚೆ ಬಜಾರಿನಲ್ಲಿ. ಹೊರಗಿನಿಂದ ಬಂದ ಓಟಗಾರರು ಆ ಗೆರೆ ತಲುಪಲು ದಿನಗಟ್ಟಲೆ ನಡೆದೇ ಹೋಗಬೇಕು. ಆ ನಡಿಗೆಯೇ ದೇಹವನ್ನು ಹದಗೊಳಿಸುತ್ತದೆ. ಲೇಹ್‌ನ ತೊಂದರೆ ಏನೆಂದರೆ ಅಲ್ಲಿ ವಿಮಾನ ನಿಲ್ದಾಣವಿದೆ. ದಿಲ್ಲಿಯಲ್ಲಿ ಚಾಯ ಕುಡಿದವನು ಅದು ಜೀರ್ಣವಾಗುವ ಮೊದಲೇ 3,500 ಮೀಟರಿನಲ್ಲಿ ಇಳಿದಿರುತ್ತಾನೆ. ಬೆಟ್ಟ ಹತ್ತುವವರ ಸಾಮಾನ್ಯ ನಿಯಮ ಹೀಗಿದೆ: 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಮಧ್ಯೆ ಬಿಡುವಿನ ದಿನ ಇರಬೇಕು. ವಿಮಾನ ಈ ನಿಯಮವನ್ನು ಒಂದೇ ನೆಗೆತಕ್ಕೆ ಮುರಿಯುತ್ತದೆ. ಅದಕ್ಕೇ ಅಲ್ಲಿನ ಓಟದ ಆಯೋಜಕರು ಬೇಗ ಬಂದು ತಂಗಿ ಎಂದು ಕೇಳುವುದು. ಅದು ಹೋಟೆಲಿನವರಿಗೆ ವ್ಯಾಪಾರ ಮಾಡಿಕೊಡುವ ಉಪಾಯ ಎಂದು ಗೇಲಿ ಮಾಡುವುದು ತಪ್ಪು.

"ಇಷ್ಟು ರಜೆ ಎಲ್ಲಿಂದ ತರುವುದು?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಅದು ನ್ಯಾಯವಾದ ಪ್ರಶ್ನೆ. ಗಲ್ಫ್‌ನಿಂದ ಒಂದು ತಿಂಗಳಿಗೆ ಊರಿಗೆ ಬಂದವನಿಗೆ ಎರಡು ಮದುವೆ, ಮನೆಯ ರಿಪೇರಿ, ಉಮ್ಮನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವುದು, ಮಕ್ಕಳ ಶಾಲೆ, ಎಲ್ಲವೂ ಅದರೊಳಗೇ ಆಗಬೇಕು. ಅದರ ನಡುವೆ ಲಡಾಖಿಗೆ ಸಿಗುವುದು ನಾಲ್ಕು ದಿನ. ಆ ನಾಲ್ಕು ದಿನದಲ್ಲಿ ಲೇಹ್ ನೋಡಿ ಬರಬಹುದು, ಅದೂ ನಿಧಾನವಾಗಿ. 42 ಕಿ.ಮೀ. ಓಡಬಾರದು. ನಮ್ಮ ಹುಡುಗರ ಸಂಪಾದನೆಯ ಮೇಲೆ ಎಷ್ಟು ಮನೆಗಳು ನಿಂತಿವೆ ಎಂದು ಹೇಳಬೇಕಾಗಿಲ್ಲ. ಒಂದು ಮೆಡಲಿಗಾಗಿ ಅದನ್ನು ಪಣಕ್ಕಿಡುವುದು ಸಾಹಸವಲ್ಲ.

ಇನ್ನೊಂದು ವಾದ ಮಾತ್ರೆಯದು. ಅಸೆಟಜೋಲಮೈಡ್ ಎಂಬ ಮಾತ್ರೆ, ಡಯಾಮಾಕ್ಸ್ ಎಂದರೆ ಹೆಚ್ಚಿನವರಿಗೆ ಗೊತ್ತಾಗುತ್ತದೆ, ದೇಹ ಹೊಂದಿಕೊಳ್ಳುವುದನ್ನು ಚುರುಕುಗೊಳಿಸುತ್ತದೆ ನಿಜ. ವೈದ್ಯರನ್ನು ಕೇಳಿ ತೆಗೆದುಕೊಳ್ಳಬೇಕು, ಸಲ್ಫಾ ಔಷಧ ಆಗದವರು ಅದನ್ನು ಮೊದಲೇ ಹೇಳಬೇಕು. ಆದರೆ ಅದು ಹತ್ತು ದಿನವನ್ನು ಎರಡು ದಿನ ಮಾಡುವುದಿಲ್ಲ. "ಅಲ್ಲಿನವರು ಓಡುವುದಿಲ್ಲವೇ?" ಎನ್ನುವವರೂ ಇದ್ದಾರೆ. ಓಡುತ್ತಾರೆ. ಜಿಗ್ಮೆತ್ ಡೋಲ್ಮಾ, ತ್ಸೆತನ್ ಡೋಲ್ಕರ್‌ರಂಥ ಲಡಾಖಿ ಹೆಣ್ಣುಮಕ್ಕಳು ಮುಂಬೈ ಮ್ಯಾರಥಾನ್‌ವರೆಗೆ ಹೋಗಿ ಹೆಸರು ಮಾಡಿದ್ದಾರೆ. ಆದರೆ ಆ ಗಾಳಿಯಲ್ಲೇ ಹುಟ್ಟಿ ಬೆಳೆದ ಎದೆಗೂ ಮೀನು ಗಂಜಿ ಉಂಡು ಕಡಲ ಗಾಳಿಯಲ್ಲಿ ಬೆಳೆದ ಎದೆಗೂ ಹೋಲಿಕೆ ಬೇಡ. ಅಲ್ಲಿನ ಹುಡುಗಿ ಮುಂದೆ ಹೋದರೆ ಅವಳಿಗೊಂದು ಚಪ್ಪಾಳೆ ತಟ್ಟಿ ನಮ್ಮ ವೇಗದಲ್ಲಿ ನಾವು ಓಡಬೇಕು.

ಇಂಥ ಓಟಗಳು ಸಣ್ಣದಾಗಿಯೇ ಇರಬೇಕು ಎಂಬುದೂ ನನ್ನ ಅಭಿಪ್ರಾಯ. ಸೀಟು ಸಿಗಲಿಲ್ಲ, ಇನ್ನಷ್ಟು ಜನರನ್ನು ಸೇರಿಸಬೇಕಿತ್ತು ಎಂದು ಬೇಸರಪಡುವವರು ಅಲ್ಲಿನ ನೀರಿನ ಸ್ಥಿತಿ ನೋಡಬೇಕು. ಕಾಸರಗೋಡಿನಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗಿಂತ ಹೆಚ್ಚು ಮಳೆ ಸುರಿಯುತ್ತದೆ. ಲೇಹ್‌ನಲ್ಲಿ ಅದು ನೂರರ ಆಸುಪಾಸು. ಅಲ್ಲಿನ ಬದುಕು ಹಿಮ ಕರಗಿ ಬರುವ ನೀರಿನ ಮೇಲೆ ನಿಂತಿದೆ. ಹಿಂದಿನವರು ಒಣ ಪಾಯಿಖಾನೆ ಕಟ್ಟಿಕೊಂಡು ಹನಿ ನೀರನ್ನೂ ಉಳಿಸುತ್ತಿದ್ದರು. ಈಗ ನಮ್ಮಂಥ ಪ್ರವಾಸಿಗಳಿಗಾಗಿ ಬೋರ್‌ವೆಲ್ ಕೊರೆಯುತ್ತಿದ್ದಾರೆ. 2010ರ ಆಗಸ್ಟಿನಲ್ಲಿ ಮೇಘಸ್ಫೋಟವಾಗಿ ಲೇಹ್ ಮತ್ತು ಚೋಗ್ಲಮ್ಸರ್‌ನಲ್ಲಿ ನೂರಾರು ಜನ ಸತ್ತ ನೆಲ ಅದು. ಜನ ಹೆಚ್ಚಿದಷ್ಟೂ ಆಂಬುಲೆನ್ಸ್, ಆಮ್ಲಜನಕದ ಸಿಲಿಂಡರ್, ಆಸ್ಪತ್ರೆಯ ಹಾಸಿಗೆ ಹೆಚ್ಚಬೇಕು. ಆ ಹಾಸಿಗೆಗಳು ಮೊದಲು ಊರಿನವರಿಗೆ ಸೇರಿದ್ದು. 2023ರ ಫೆಬ್ರವರಿಯಲ್ಲಿ ಹೆಪ್ಪುಗಟ್ಟಿದ ಪಾಂಗಾಂಗ್ ಸರೋವರದ ಮೇಲೆ 21 ಕಿ.ಮೀ. ಓಟ ಮಾಡಿದಾಗ ಓಡಿದವರು 75 ಮಂದಿ ಮಾತ್ರ. ಹವಾಮಾನ ಬದಲಾಗಿ ಹಿಮ ಕರಗುತ್ತಿರುವುದನ್ನು ಜಗತ್ತಿಗೆ ತೋರಿಸಲು ಮಾಡಿದ ಓಟವದು. ಮಂಜುಗಡ್ಡೆ ಎಷ್ಟು ಹೊರುತ್ತದೋ ಅಷ್ಟೇ ಜನ. ನೆಲದ ಮೇಲಿನ ಓಟಕ್ಕೂ ಇದೇ ಲೆಕ್ಕ ಇರಲಿ.

ಹಾಗಾದರೆ ಏನು ಮಾಡಬೇಕು? ಹೋಗುವ ಮನಸ್ಸಿದ್ದವರು ಮೊದಲು ರಜೆಯ ಅರ್ಜಿ ಕೊಡಲಿ, ಅದು ಮಂಜೂರಾದ ಮೇಲೆ ನೋಂದಣಿ ಮಾಡಲಿ. ಶ್ರೀನಗರದಿಂದ ರಸ್ತೆ ದಾರಿ ತೆರೆದಿದ್ದರೆ ಅದೇ ಮೇಲು. ಸುಮಾರು 1,600 ಮೀಟರಿನ ಶ್ರೀನಗರ, ಸುಮಾರು 2,700 ಮೀಟರಿನ ಕಾರ್ಗಿಲ್‌ನಲ್ಲಿ ರಾತ್ರಿ ತಂಗಿ ಮೇಲೇರಿದರೆ ದೇಹಕ್ಕೆ ಮೆಟ್ಟಿಲು ಸಿಕ್ಕಂತೆ. ವಿಮಾನದಲ್ಲೇ ಹೋದರೆ ಮೊದಲ ಎರಡು ದಿನ ಪೂರ್ತಿ ವಿಶ್ರಾಂತಿ, ಆಮೇಲೆ ನಡಿಗೆ, ಆಮೇಲೆ ಸಣ್ಣ ಓಟ. ಊರಿನಲ್ಲಿ ನಾಲ್ಕೂವರೆ ಗಂಟೆಗೆ ಮುಗಿಸುವವರು ಅಲ್ಲಿ ಗಡಿಯಾರವನ್ನು ಮರೆಯಲಿ. ಓಟದ ದಿನ ಬೆಳಿಗ್ಗೆ ತಲೆ ಭಾರವಿದ್ದರೆ ನಂಬರ್ ಬಿಚ್ಚಿಟ್ಟು ದಾರಿ ಬದಿಯಲ್ಲಿ ನಿಂತು ಬೇರೆಯವರಿಗೆ ನೀರು ಕೊಡಲಿ. ಅದರಲ್ಲಿ ಅವಮಾನವಿಲ್ಲ.

ರಜೆ ಇಲ್ಲದವರಿಗೆ ಬೆಟ್ಟವೇ ಇಲ್ಲವೆಂದಲ್ಲ. ವಯನಾಡು, ಗೂಡಲೂರು ದಾಟಿದರೆ ನೀಲಗಿರಿ ಇದೆ. ಕೂನೂರು 1,800 ಮೀಟರಿನ ಮೇಲಿದೆ, ಊಟಿ ಇನ್ನೂ ಮೇಲೆ, ಹೆಸರಿನಲ್ಲೇ ಕನ್ನಡವಿರುವ ದೊಡ್ಡಬೆಟ್ಟ 2,600 ದಾಟುತ್ತದೆ. ಚಹಾ ತೋಟದ ನಡುವಿನ ರಸ್ತೆಯಲ್ಲಿ ಎರಡು ದಿನ ತಂಗಿ, ಮೂರನೇ ದಿನ ನಿಧಾನವಾಗಿ 15 ಕಿ.ಮೀ. ಓಡಿ ನೋಡಿ. ಗಾಳಿ ತೆಳುವಾದರೆ ಏನಾಗುತ್ತದೆ ಎಂಬುದನ್ನು ನಿಮ್ಮ ಎದೆಯೇ ಹೇಳಿಕೊಡುತ್ತದೆ. ಆ ಪಾಠ ಕಲಿತವರಿಗೆ ಲಡಾಖ್ ಮುಂದಿನ ವರ್ಷವೂ ಅಲ್ಲೇ ಇರುತ್ತದೆ, ಅದರ ಮುಂದಿನ ವರ್ಷವೂ ಇರುತ್ತದೆ. ಆಗ ಓಡಲು ನಾವೂ ಇರಬೇಕು, ಅಷ್ಟೇ.