ಚಂಚಲ ಮಗುವಿಗೆ ಬೆತ್ತವೋ, ಗುಳಿಗೆಯೋ?

ತರಗತಿಯಲ್ಲಿ ಒಂದೆಡೆ ಕೂರದ, ಹೇಳಿದ್ದನ್ನು ಅರ್ಧದಲ್ಲೇ ಮರೆಯುವ, ಪೆನ್ಸಿಲ್-ಪುಸ್ತಕಗಳನ್ನು ದಿನವೂ ಕಳೆದುಕೊಂಡು ಬರುವ ಮಗು ಯಾವ ಊರಿನಲ್ಲಿಲ್ಲ? ಅಂತಹ ಮಗುವಿನ ಕುರಿತು ನಮ್ಮಲ್ಲಿ ತೀರ್ಪುಗಳು ಸದಾ ಸಿದ್ಧವಾಗಿರುತ್ತವೆ. ಶಾಲೆ ಅದನ್ನು ಪುಂಡನೆನ್ನುತ್ತದೆ. ಮದ್ರಸದಲ್ಲಿ ಬೆತ್ತ ಮಾತನಾಡುತ್ತದೆ. ಬಂಧುಗಳು ತಾಯಿಯ ಮುದ್ದನ್ನು ದೂರುತ್ತಾರೆ. ಹಿರಿಯರು ದೃಷ್ಟಿ ತಗುಲಿದೆಯೆಂದು ನೂಲು ಮಂತ್ರಿಸಿ ತರುತ್ತಾರೆ. ಇತ್ತೀಚೆಗೆ ಈ ಸಾಲಿಗೆ ಇನ್ನೊಂದು ಪದ ಸೇರಿದೆ: ಎಡಿಎಚ್‌ಡಿ. ಅಂದರೆ, ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ.

ಇದು ಔಷಧಿ ಕಂಪೆನಿಗಳೋ ಮೊಬೈಲ್ ಫೋನುಗಳೋ ಹುಟ್ಟಿಸಿದ ಕಾಯಿಲೆಯೆಂದು ವಾದಿಸುವವರಿದ್ದಾರೆ. ಆದರೆ ಬ್ರಿಟಿಷ್ ಮಕ್ಕಳ ತಜ್ಞ ಜಾರ್ಜ್ ಸ್ಟಿಲ್ 1902ರಲ್ಲೇ ಲಂಡನ್ನಿನಲ್ಲಿ ನೀಡಿದ ಉಪನ್ಯಾಸಗಳಲ್ಲಿ, ಬುದ್ಧಿಶಕ್ತಿಯಿದ್ದೂ ಗಮನ ಮತ್ತು ಸಂಯಮ ಸಾಧ್ಯವಾಗದ ಮಕ್ಕಳನ್ನು ವಿವರಿಸಿದ್ದರು. ಅವರು ಅದನ್ನು ನೈತಿಕ ನಿಯಂತ್ರಣದ ದೋಷವೆಂದು ಕರೆದರು. ವೈದ್ಯವಿಜ್ಞಾನ ಆ ಹೆಸರನ್ನು ಎಂದೋ ಕೈಬಿಟ್ಟಿದೆ. ನಾವು ಮಾತ್ರ ಇನ್ನೂ ಅಲ್ಲಿಯೇ ನಿಂತು ಮಗುವಿನ ನಡತೆಯನ್ನು ಶಪಿಸುತ್ತಿದ್ದೇವೆ.

ಹಾಗೆಂದು ಚಂಚಲತೆಯೆಲ್ಲವೂ ರೋಗವೇ? ಖಂಡಿತ ಅಲ್ಲ. ಅಮೇರಿಕದ ಮನೋವೈದ್ಯರ ಸಂಘವು 2013ರಲ್ಲಿ ಪ್ರಕಟಿಸಿದ ಕೈಪಿಡಿಯು ಗಮನದ ಕೊರತೆಗೆ 9, ಅತಿಚಟುವಟಿಕೆ ಹಾಗೂ ದುಡುಕಿಗೆ 9 ಲಕ್ಷಣಗಳನ್ನು ಪಟ್ಟಿ ಮಾಡಿದೆ. ಮಕ್ಕಳಲ್ಲಿ ಯಾವುದಾದರೂ ಒಂದು ಗುಂಪಿನ ಕನಿಷ್ಠ 6 ಲಕ್ಷಣಗಳು 6 ತಿಂಗಳ ಕಾಲ ಕಾಣಿಸಿಕೊಂಡಿರಬೇಕು. ಅವುಗಳಲ್ಲಿ ಹಲವು 12 ವರ್ಷಕ್ಕೆ ಮೊದಲೇ ಆರಂಭವಾಗಿರಬೇಕು. ಮನೆ, ಶಾಲೆಗಳಂತಹ ಕನಿಷ್ಠ ಎರಡು ಕಡೆ ಗೋಚರಿಸಿ, ಮಗುವಿನ ಕಲಿಕೆ ಮತ್ತು ಒಡನಾಟಕ್ಕೆ ಅಡ್ಡಿಯಾಗಿರಬೇಕು. ಇದನ್ನು ಪತ್ತೆಹಚ್ಚುವ ರಕ್ತಪರೀಕ್ಷೆಯಾಗಲಿ ಸ್ಕ್ಯಾನಿಂಗ್ ಆಗಲಿ ಇಲ್ಲ. ಆದ್ದರಿಂದ ಮಗುವಿನ ದೃಷ್ಟಿ, ಶ್ರವಣ, ನಿದ್ರೆ, ಕಲಿಕೆಯ ನ್ಯೂನತೆ, ಮನೆಯೊಳಗಿನ ಕಲಹ ಇವೆಲ್ಲವನ್ನೂ ವಿಚಾರಿಸದೆ ಎರಡೇ ನಿಮಿಷಗಳಲ್ಲಿ ಹಣೆಪಟ್ಟಿ ಹಚ್ಚುವುದು ಅನ್ಯಾಯ.

ಈ ಅನ್ಯಾಯಕ್ಕೆ ಅಮೇರಿಕವೇ ಪಾಠ. 2022ರ ಸಮೀಕ್ಷೆಯಂತೆ ಅಲ್ಲಿ 3ರಿಂದ 17 ವರ್ಷದ ಸುಮಾರು 70 ಲಕ್ಷ ಮಕ್ಕಳಿಗೆ, ಅಂದರೆ ಶೇ. 11.4ರಷ್ಟು ಮಂದಿಗೆ, ಎಂದಾದರೊಮ್ಮೆ ಈ ಹಣೆಪಟ್ಟಿ ದೊರೆತಿದೆ. ಸೆಪ್ಟೆಂಬರ್ 1ನ್ನು ಶಾಲಾ ದಾಖಲಾತಿಯ ಗಡುವಾಗಿಸಿಕೊಂಡ ರಾಜ್ಯಗಳಲ್ಲಿ, ಸೆಪ್ಟೆಂಬರ್‌ನಲ್ಲಿ ಹುಟ್ಟಿದವರಿಗಿಂತ ಆಗಸ್ಟ್‌ನಲ್ಲಿ ಹುಟ್ಟಿದ ಮಕ್ಕಳಲ್ಲಿ ಈ ರೋಗನಿರ್ಣಯ ಶೇ. 34ರಷ್ಟು ಅಧಿಕವಿತ್ತೆಂದು 2018ರ ಅಧ್ಯಯನವೊಂದು ತೋರಿಸಿತು. ತರಗತಿಯಲ್ಲಿ ಅತಿ ಕಿರಿಯರಾಗಿದ್ದುದೇ ಅವರ ಅಪರಾಧ! ಮಕ್ಕಳನ್ನು ಎಳೆಯ ಪ್ರಾಯದಲ್ಲೇ ಶಾಲೆಗೆ ತಳ್ಳುವ ಆತುರ ನಮ್ಮಲ್ಲೇನು ಕಡಿಮೆಯೇ?

ಆದರೆ ನಮ್ಮ ಪಟ್ಟಣಗಳ ನಿಜವಾದ ರೋಗ ಇದಕ್ಕೆ ತದ್ವಿರುದ್ಧವಾದುದು. ಅದು ಭಯ. ಮನೋವೈದ್ಯರ ಬಾಗಿಲು ತಟ್ಟಿದರೆ ‘ಹುಚ್ಚ’ ಎಂಬ ಹೆಸರು ಅಂಟೀತೆಂಬ ಭಯ; ಮಾತ್ರೆ ಕೊಟ್ಟರೆ ಮಗು ಮಂಕಾದೀತೆಂಬ ಭಯ. 1944ರಲ್ಲಿ ಸ್ವಿಟ್ಜರ್‌ಲ್ಯಾಂಡ್‌ನಲ್ಲಿ ತಯಾರಾದ ಮಿಥೈಲ್‌ಫೆನಿಡೇಟ್ ನಿದ್ದೆಯ ಮಾತ್ರೆಯಲ್ಲ, ಉತ್ತೇಜಕ. ಅದು ಗಮನವನ್ನು ಹಿಡಿದಿಡಲು ಮಿದುಳಿಗೆ ನೆರವಾಗುತ್ತದೆ. ಹಸಿವು ಕುಗ್ಗುವುದು, ನಿದ್ರೆ ಕೆಡುವುದು, ನಾಡಿಬಡಿತ ಏರುವುದು ಅದರ ಅಡ್ಡಪರಿಣಾಮಗಳು. ಆದ್ದರಿಂದಲೇ ತೂಕ, ಎತ್ತರ, ರಕ್ತದೊತ್ತಡಗಳ ಮೇಲೆ ವೈದ್ಯರ ನಿಗಾ ಅನಿವಾರ್ಯ. ದುರ್ಬಳಕೆಯ ಅಪಾಯವಿರುವುದರಿಂದ ಭಾರತದಲ್ಲಿ ಅದು ಮಾದಕ ದ್ರವ್ಯ ನಿಯಂತ್ರಣ ಕಾನೂನಿನ ವ್ಯಾಪ್ತಿಯಲ್ಲಿದೆ. ಉತ್ತೇಜಕವಲ್ಲದ ಅಟೊಮೊಕ್ಸೆಟಿನ್‌ನಂತಹ ಔಷಧಿಗಳೂ ಇವೆ. ಆರು ವರ್ಷ ತುಂಬದ ಮಕ್ಕಳಿಗಂತೂ ಔಷಧಿಗೆ ಮುನ್ನ ಹೆತ್ತವರಿಗೆ ತರಬೇತಿ ನೀಡಬೇಕೆಂಬುದು ಅಮೇರಿಕದ ಮಕ್ಕಳ ತಜ್ಞರ ಅಕಾಡೆಮಿಯ 2019ರ ಸಲಹೆ.

ಹೆಣ್ಣುಮಕ್ಕಳ ಪಾಡು ಇನ್ನೂ ಶೋಚನೀಯ. ಗದ್ದಲವೆಬ್ಬಿಸದೆ ಕಿಟಕಿಯಾಚೆ ನೋಡುತ್ತಾ ಕುಳಿತ ಹುಡುಗಿಯ ತೊಂದರೆ ಯಾರ ಗಮನಕ್ಕೂ ಬರುವುದಿಲ್ಲ. ‘ಅವಳಿಗೆ ಓದು ಹತ್ತದು’ ಎಂದು ಶಾಲೆ ಬಿಡಿಸಿ ವರನನ್ನು ಹುಡುಕತೊಡಗುವ ಮನೆಗಳು, ತಾವು ಹೂತುಹಾಕುತ್ತಿರುವುದು ಒಂದು ಪ್ರತಿಭೆಯನ್ನು ಎಂಬುದನ್ನು ಅರಿಯಬೇಡವೇ?

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವಿದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಬಹುದು. ಶಾಲೆಯ ಅನುಕೂಲಕ್ಕಾಗಿ ಮಗುವಿನ ಬಾಯಿಗೆ ಮಾತ್ರೆ ಹಾಕುವುದೂ ತಪ್ಪು, ಮನೆಯ ಮರ್ಯಾದೆಗಾಗಿ ಚಿಕಿತ್ಸೆ ನಿರಾಕರಿಸುವುದೂ ತಪ್ಪು. ಮಕ್ಕಳು ನಮಗೆ ಒಪ್ಪಿಸಲಾದ ಅಮಾನತ್ತು. ಬೆತ್ತ ಎತ್ತುವ ಮುನ್ನ ಒಮ್ಮೆ ಆ ಮಗುವಿನ ಕಣ್ಣುಗಳನ್ನು ನೋಡೋಣ. ಅದು ಹಟ ಹಿಡಿದಿದೆಯೋ, ನೆರವನ್ನು ಬೇಡುತ್ತಿದೆಯೋ?